ಸುಣ್ಣದ ಬೊಟ್ಟು ಬಿದ್ದ ಹಲಗೆಗಳು

ಖಾದರ ಕಾಕಾನ ಹೆಬ್ಬೆರಳಿಗೆ ಯಾವಾಗಲೂ ಸುಣ್ಣ ಮೆತ್ತಿರುತ್ತಿತ್ತು. ತಂಬಾಕಿನ ಜೊತೆ ತಿಕ್ಕಿ ಬಾಯಿಗೆ ಹಾಕಿಕೊಳ್ಳುವ ಸುಣ್ಣವೇ. ಬೆಳಿಗ್ಗೆ ಜನ ಬರುವ ಮೊದಲು ಅವನು ಹಾವಿನ ಗಾಡಿ ಏರಿಳಿಯುವ ಎತ್ತರದ ಮರದ ದಾರಿಯ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದ. ಕಾಲಡಿ ಅಲುಗುವ ಹಲಗೆ ಸಿಕ್ಕರೆ ಬಗ್ಗಿ, ಡಬ್ಬಿ ತೆಗೆದು, ಅದರ ಅಂಚಿಗೆ ಒಂದು ಬೊಟ್ಟು ಸುಣ್ಣ ಒತ್ತುತ್ತಿದ್ದ. ಅವನು ಕೆಳಗಿಳಿದ ಮೇಲೆ ಅವನ ಅಣ್ಣ ರಮಜಾನಸಾಬ ಸುತ್ತಿಗೆ ಹಿಡಿದು ಹತ್ತುತ್ತಿದ್ದ. ಬೊಟ್ಟು ಇದ್ದಲ್ಲಿ ಮೊಳೆ ಬಡಿದು, ಸೀಮೆಎಣ್ಣೆಯ ಅರಿವೆಯಿಂದ ಸುಣ್ಣ ಒರೆಸಿ ಇಳಿಯುತ್ತಿದ್ದ. ಏಣಿಯ ಬುಡದಲ್ಲಿ ಇಬ್ಬರೂ ಎದುರಾದರೆ ಒಬ್ಬ ಗುಡ್ಡದ ಗಾಳಿಯಂತ್ರಗಳನ್ನು ನೋಡುತ್ತಿದ್ದ, ಇನ್ನೊಬ್ಬ ತನ್ನ ಕಾಲನ್ನು.

ಅವರು ಮಾತಾಡುವುದು ಬಿಟ್ಟು ಬಹಳ ವರ್ಷಗಳಾಗಿದ್ದವು. ಖಾದರ ತನ್ನ ಮಗಳು ಹಸೀನಾಳನ್ನು ನರಗುಂದದ ಮನೆಯೊಂದಕ್ಕೆ ಕೊಡುವಾಗ ಅಣ್ಣನನ್ನು ಒಂದು ಮಾತು ಕೇಳಲಿಲ್ಲವಂತೆ. ಅಣ್ಣ ಮದುವೆಗೆ ಬಂದ, ಊಟ ಮಾಡದೆ ಎದ್ದು ಹೋದ. ಇದನ್ನು ನನಗೆ ಹೇಳಿದವಳು ರಮಜಾನಸಾಬನ ಹೆಂಡತಿ ಬೀಬಿಜಾನ. ತೋಟದ ಬಾಗಿಲಲ್ಲಿ ಅವಳ ಚಹಾದ ಅಂಗಡಿ ಇತ್ತು. ಮಿರ್ಚಿ ಕರಿಯುತ್ತ, ಎಣ್ಣೆಯ ಕಡೆಗೇ ಕಣ್ಣಿಟ್ಟು, ಯಾರದೋ ಮನೆಯ ಸುದ್ದಿ ಎಂಬಂತೆ ಅವಳು ಹೇಳಿದ್ದಳು.

ತೋಟವೆಂದರೆ ಗಿಡಗಳ ತೋಟವಲ್ಲ. ನನ್ನ ಸೋದರಮಾವ ಕಳಕಪ್ಪ ಗಜೇಂದ್ರಗಡದ ಮಗ್ಗಗಳ ಸೀರೆ ಮಾರಿ ಗಳಿಸಿ, ಲಕ್ಕಲಕಟ್ಟಿಯ ಹತ್ತಿರ ಬಯಲೊಂದನ್ನು ಕೊಂಡು, ಮಕ್ಕಳಾಡುವ ಜಾಗ ಮಾಡಿದ್ದರು. ಜೋಕಾಲಿ, ಜಾರುಬಂಡಿ, ಒಂದು ಕಾರಂಜಿ, ನಡುವೆ ಎತ್ತರಕ್ಕೆ ಮರದ ರೋಲರ್ ಕೋಸ್ಟರ್. ಫಲಕದ ಮೇಲೆ ಹಾಗೆ ಬರೆದಿತ್ತು. ಜನರ ಬಾಯಲ್ಲಿ ಮಾತ್ರ ಅದು ಹಾವಿನ ಗಾಡಿ. ರೋಣದ ಸಂತೆ ಮುಗಿಸಿದವರೂ ಮಕ್ಕಳನ್ನು ಕಟ್ಟಿಕೊಂಡು ಬಂದು ಅದರಲ್ಲಿ ಕೂತು ಚೀರಿ ಹೋಗುತ್ತಿದ್ದರು. ಇಳಿಜಾರಿನ ಕೊನೆಗೆ ಉದ್ದನೆಯ ಹಿಡಿ ಎಳೆದು ಗಾಡಿ ನಿಲ್ಲಿಸುವವನು ಖಾದರ. ನಾನು ಪದವಿ ಮುಗಿಸಿ, ಪರೀಕ್ಷೆಗಳಿಗೆ ಓದುತ್ತೇನೆಂದು ಹೇಳಿಕೊಂಡು, ಓದದೆ, ಮಾವನ ತೋಟದ ಮೇಲ್ವಿಚಾರಣೆ ನೋಡಿಕೊಂಡಿದ್ದೆ.

ಕಳೆದ ವರ್ಷ ಮಳೆಗಾಲದ ಕೊನೆಗೆ ರಮಜಾನಸಾಬನಿಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಗದಗಿನ ದವಾಖಾನೆಯಲ್ಲಿ ತೆಗೆಸಿ, ಹಸಿರು ಕನ್ನಡಕ ಹಾಕಿಕೊಂಡು ಮನೆಯಲ್ಲಿ ಕೂತ. ಮೊಳೆ ಬಡಿಯುವವನಿಲ್ಲದೆ ಗಾಡಿ ಬಿಡುವುದು ಬೇಡವೆಂದು ಮಾವ ಅದನ್ನು ನಿಲ್ಲಿಸಿದರು. ಹೇಗೂ ನಿಂತಿದೆ, ಹಳೆಯದೂ ಆಗಿದೆ, ಒಮ್ಮೆ ತೋರಿಸಿಬಿಡೋಣ ಎಂದು ಹುಬ್ಬಳ್ಳಿಯಿಂದ ಒಬ್ಬ ಇಂಜಿನಿಯರನನ್ನು ಕರೆಸಿದರು.

ಇಂಜಿನಿಯರ್ ಮೇಲೆ ಹತ್ತಿ ಸುತ್ತಲೂ ನೋಡಿ, ಈ ಬಿಳಿ ಬೊಟ್ಟುಗಳು ಏನು ಎಂದು ಕೇಳಿದ. ಸಡಿಲವಾದ ಹಲಗೆಗಳ ಗುರುತು ಎಂದೆ. ಹೇಳುತ್ತಿದ್ದಂತೆ ನಾನೂ ಸುತ್ತ ನೋಡಿದೆ. ಎಲ್ಲೆಲ್ಲೂ ಸುಣ್ಣ. ಏರಿನಲ್ಲಿ, ಇಳಿಜಾರಿನಲ್ಲಿ, ತಿರುವುಗಳಲ್ಲಿ. ಆತ ಫೋಟೋ ತೆಗೆದುಕೊಂಡು ಇಳಿದು, ಮರವನ್ನೆಲ್ಲ ಕಿತ್ತು ಉಕ್ಕಿನ ದಾರಿ ಹಾಕಿಸಿ, ಗಾಡಿ ತಾನಾಗಿ ನಿಲ್ಲುವ ಯಂತ್ರ ಕೂಡಿಸಿ ಎಂದ. ಇಷ್ಟು ಹಲಗೆ ಹೋಗಿದ್ದರೆ ರಿಪೇರಿಗೆ ಅರ್ಥವಿಲ್ಲ, ಅಷ್ಟು ಹೋಗಿಲ್ಲವೆಂದಾದರೆ ಮಾತ್ರ ಮರ ಉಳಿಸಿಕೊಳ್ಳಬಹುದು ಎಂದೂ ಹೇಳಿದ.

ಮಾವ ನನ್ನನ್ನು ಕರೆದು, ನಾಲ್ಕು ದಿನ ತೆಗೆದುಕೊಂಡು ನೀನೇ ನೋಡಿ ಹೇಳು, ನಿನ್ನ ಮಾತಿನ ಮೇಲೆ ತೀರ್ಮಾನ ಮಾಡುತ್ತೇನೆ ಎಂದರು. ಉಕ್ಕು ಬಂದರೆ ಮೊಳೆ ಬಡಿಯುವವನು ಬೇಕಾಗಿರಲಿಲ್ಲ. ಹಿಡಿ ಎಳೆಯುವವನೂ ಬೇಕಾಗಿರಲಿಲ್ಲ. ಅದು ಅಣ್ಣತಮ್ಮಂದಿರಿಬ್ಬರಿಗೂ ಗೊತ್ತಿತ್ತು.

ನನಗೆ ತಿಳಿಯದೇ ಇದ್ದದ್ದು ಒಂದೇ. ಗಾಡಿ ಓಡಿದರೆ ಹಲಗೆ ಅಲುಗುತ್ತದೆ. ನಿಂತ ಗಾಡಿಯ ಕೆಳಗೆ ಇಷ್ಟೊಂದು ಹಲಗೆ ಹೇಗೆ ಸಡಿಲಾದವು? ಮರುದಿನ ಒಬ್ಬನೇ ಹತ್ತಿ ಬೊಟ್ಟು ಇದ್ದ ಹಲಗೆಗಳನ್ನು ತುಳಿದು ನೋಡಿದೆ. ಕೆಲವು ಅಲುಗಿದವು. ಹಲವು ಅಲುಗಲಿಲ್ಲ. ಎರಡನೆಯ ಸಲ ತುಳಿದಾಗ ಅಲುಗದಿದ್ದವೂ ಅಲುಗಿದಂತೆ ಅನಿಸಿತು. ಅಲುಗಿದ್ದು ಹಲಗೆಯೋ ನಾನೋ, ಅಷ್ಟು ಎತ್ತರದಲ್ಲಿ ಹೇಳುವುದು ಕಷ್ಟ.

ಕೆಳಗಿಳಿದು ಖಾದರ ಕಾಕಾನನ್ನು ಕೇಳಿದೆ. ಅವನು ತಂಬಾಕು ತಿಕ್ಕುತ್ತ ಕೂತಿದ್ದ. ತಿಕ್ಕಿ ಮುಗಿಸಿದ, ಬಾಯಿಗೆ ಹಾಕಿಕೊಂಡ. ಅಲ್ಲಿಗೆ ಉತ್ತರ ಕೊಡಬೇಕಾದ ಬಾಯಿ ತುಂಬಿತ್ತು.

ರಮಜಾನಸಾಬನ ಮನೆಗೆ ಹೋದೆ. ಹಸಿರು ಕನ್ನಡಕದ ಹಿಂದೆ ಅವನ ಕಣ್ಣು ಕಾಣುತ್ತಿರಲಿಲ್ಲ. ಇಷ್ಟು ವರ್ಷ ಬೊಟ್ಟು ಇದ್ದಲ್ಲೆಲ್ಲ ಹಲಗೆ ನಿಜವಾಗಿಯೂ ಸಡಿಲವಿರುತ್ತಿತ್ತೇ ಎಂದು ಕೇಳಿದೆ.

"ಅಂವ ಸುಣ್ಣಾ ಹಚ್ಚತಿದ್ದ, ನಾ ಮೊಳಿ ಬಡೀತಿದ್ದೆ," ಎಂದ.

"ಸಡ್ಲ ಇರ್ತಿತ್ತೇನು ಕಾಕಾ?"

"ಅಂವ ಹಚ್ಚಿದ್ದನಲ್ಲೋ ತಮ್ಮಾ."

ಬೀಬಿಜಾನ ನನಗೆ ಚಹಾ ಕೊಟ್ಟು, ಮೈದುನ ಖಾದರ ಈಗಲೂ ದಿನಾ ಬೆಳಿಗ್ಗೆ ಅಂಗಡಿಯ ಮುಂದೆ ಹಾದು ಹೋಗುತ್ತಾನೆ, ಅಂಗಡಿಯ ಒಳಗೆ ಒಮ್ಮೆ ಇಣುಕುತ್ತಾನೆ, ಆಮೇಲೆ ಗಾಡಿಯ ಮೇಲೆ ಹತ್ತುತ್ತಾನೆ ಎಂದಳು. ನಿಂತ ಗಾಡಿಯ ಮೇಲೆ ದಿನಾ ಯಾಕೆ ಹತ್ತಬೇಕು ಎಂದು ನಾನು ಅವಳನ್ನು ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳೋ ಏನೋ. ಚಹಾ ಕುಡಿದು ಎದ್ದು ಬಂದೆ.

ಬೊಟ್ಟುಗಳು ಖರೆ ಎಂದರೆ ಮರ ಹೋಗುತ್ತದೆ, ಅಣ್ಣತಮ್ಮಂದಿರ ಕೆಲಸವೂ ಹೋಗುತ್ತದೆ. ಸುಳ್ಳು ಎಂದರೆ ಮರ ಉಳಿಯುತ್ತದೆ. ಆದರೆ ಸುಳ್ಳು ಗುರುತು ಹಾಕುವವನ ಕೈಗೆ ಮಕ್ಕಳು ತುಂಬಿದ ಗಾಡಿಯ ಹಿಡಿಯನ್ನು ಯಾರು ಕೊಡುತ್ತಾರೆ? ಹೇಗೆ ಹೇಳಿದರೂ ಖಾದರ ಕಾಕಾ ಉಳಿಯುವಂತಿರಲಿಲ್ಲ. ಕೊನೆಗೆ, ಹಸಿರು ಕನ್ನಡಕ ತೆಗೆದಿಟ್ಟು ರಮಜಾನಸಾಬ ತೋಟಕ್ಕೆ ಬಂದ ದಿನ, ಇಬ್ಬರನ್ನೂ ಒಟ್ಟಿಗೆ ಮೇಲೆ ಹತ್ತಿಸಿದೆ. ಹಿಂದೆಂದೂ ಅವರು ಒಟ್ಟಿಗೆ ಹತ್ತಿರಲಿಲ್ಲ. ನಾನು ನಡುವೆ ನಡೆದೆ. ಮಾವ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು.

ಪ್ರತಿ ಬೊಟ್ಟಿನ ಹತ್ತಿರ ನಿಂತು ಇದು ಖರೆಯೋ ಅಲ್ಲವೋ ಹೇಳಬೇಕೆಂದು ಖಾದರನನ್ನು ಕೇಳಿಕೊಂಡೆ. ಮೊದಲನೆಯದನ್ನು ಅವನು ಬರಿಗಾಲಿನಿಂದ ಒತ್ತಿ ನೋಡಿದ. ಆಮೇಲೆ ನನ್ನ ಕಡೆಗೆ ತಿರುಗಿ, "ಇದು ಖರೇ ಐತಿ. ಅವಗ ಹೇಳ್ರಿ," ಎಂದ.

"ಆಪರೇಶನ್ ಆಗಿದ್ದು ಕಣ್ಣಿಗೆ, ಕಿವಿಗಲ್ಲ ಅಂತ ಹೇಳು ಅವಗ," ಎಂದ ರಮಜಾನಸಾಬ, ಮೊಳೆ ಬಡಿಯುತ್ತ.

ಮುಂದಿನದಕ್ಕೆ ಖಾದರ ತಲೆ ಅಲ್ಲಾಡಿಸಿದ. ಅದರ ಮುಂದಿನದಕ್ಕೂ. ಹಾಗೆ ಒಂದೊಂದೇ ಸುಳ್ಳು ಬೊಟ್ಟು ದಾಟುತ್ತ ಏರು ಮುಗಿಯುವ ಹೊತ್ತಿಗೆ ರಮಜಾನಸಾಬ ಸುತ್ತಿಗೆಯನ್ನು ಸೊಂಟಕ್ಕೆ ಸಿಗಿಸಿಕೊಂಡಿದ್ದ. ನನಗೆ ತಡೆಯಲಾಗಲಿಲ್ಲ. ಚಲೋ ಹಲಗೆಗೆ ಸುಣ್ಣ ಯಾಕೆ ಹಚ್ಚಿದಿ ಎಂದು ಕೇಳಿಬಿಟ್ಟೆ.

ಖಾದರ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡ. "ಬರ್ಲಿ ಅಂತ ಹಚ್ಚಿದೆ," ಎಂದ. ಅಷ್ಟೇ.

ಯಾರು ಬರಲಿ ಎಂದು ಯಾರೂ ಕೇಳಲಿಲ್ಲ. ರಮಜಾನಸಾಬ ಗುಡ್ಡದ ಕಡೆ ತಿರುಗಿ, ಹೊಸ ಕಣ್ಣಿನಿಂದ ಗಾಳಿಯಂತ್ರಗಳನ್ನು ನೋಡುತ್ತ ನಿಂತ.

ದೊಡ್ಡ ತಿರುವಿಗೆ ಬಂದೆವು. ಗಾಡಿ ಅತಿ ಜೋರಾಗಿ ಹೊರಳುವ ಜಾಗ. ಅಲ್ಲಿ ಒಂದೇ ಬೊಟ್ಟು ಇತ್ತು. ಖಾದರ ಅದನ್ನು ನೋಡಿ, ಇದೂ ಸುಳ್ಳು ಎಂದ. ನಾನು ಮುಂದೆ ಹೆಜ್ಜೆ ಇಟ್ಟಿದ್ದೆ. ರಮಜಾನಸಾಬ ಮಾತ್ರ ಕೂತ. ಒರೆಸಲೆಂದು ಕೂತನೋ, ಅಭ್ಯಾಸಕ್ಕೆ ಕೂತನೋ. ಸೀಮೆಎಣ್ಣೆಯ ಅರಿವೆ ಉಜ್ಜಿದಾಗ ಸುಣ್ಣದ ಜೊತೆ ಮರವೂ ಪುಡಿಯಾಗಿ ಬಂತು. ಉಳಿ ತೆಗೆದು ಒತ್ತಿದ. ಅದು ಹಿಡಿಯ ತನಕ ಮೆತ್ತಗೆ ಒಳಗೆ ಹೋಯಿತು, ಅಂಬಲಿಯಲ್ಲಿ ಚಮಚ ಇಳಿದ ಹಾಗೆ.

ನಾನು ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದೆ.

"ಖಾದರ್ಯಾ," ಎಂದ ರಮಜಾನಸಾಬ. ನನ್ನ ಮೂಲಕ ಅಲ್ಲ. "ಇದರ ಮ್ಯಾಲೆ ದಿನಾ ನಡದೀಯಲ್ಲೋ."

"ನಡದೇನಿ."

"ಕಾಲಿಗೆ ಗೊತ್ತಾಗಲಿಲ್ಲೇನು?"

"ಗೊತ್ತಾಗಿಲ್ಲಣ್ಣಾ. ಸುಮ್ನ ಹಚ್ಚಿದ್ದೆ."

ಎಷ್ಟೋ ವರ್ಷಗಳ ಮೇಲೆ ಅವರಾಡಿದ ಮಾತು ಇದು. ನಾನು ಸಂತೋಷಪಡಬೇಕಿತ್ತು ಎಂದು ಈಗ ಅನಿಸುತ್ತದೆ. ಆಗ ನನ್ನ ಕಣ್ಣು ಉಳಿಯ ಮೇಲೇ ಇತ್ತು. ಸುಮ್ಮನೆ ಹಚ್ಚಿದ್ದು ಖರೆಯಾಗಿದ್ದರೆ, ಹಿಂದೆ ಬಿಟ್ಟು ಬಂದ ಅಷ್ಟು ಸುಳ್ಳುಗಳು ಏನು? ಅಥವಾ ಕಾಲು ಎಲ್ಲವನ್ನೂ ತಿಳಿದಿತ್ತೇ, ತನಗೆ ತಿಳಿದದ್ದನ್ನು ಅವನೇ ನಂಬದಾದನೇ? ತಿರುಗಿ ನೋಡಿದೆ. ಬಂದ ದಾರಿಯಲ್ಲಿ ಬಿಳಿ ಬೊಟ್ಟುಗಳು ಒಂದೇ ಥರ ಕಾಣುತ್ತಿದ್ದವು.

ಖಾದರ ನಮ್ಮಿಬ್ಬರನ್ನೂ ಬಿಟ್ಟು ಇಳಿದ. ನಾವು ಇಳಿಯುವ ಹೊತ್ತಿಗೆ ಅವನು ಮಾವನ ಮುಂದೆ ನಿಂತಿದ್ದ.

"ಎಲ್ಲಾ ತಗಿಸಿಬಿಡ್ರಿ ಸಾಹುಕಾರ್ರ," ಎಂದ. "ನನ್ನ ಕಾಲು ನಂಬಬ್ಯಾಡ್ರಿ."

ಮಾವ ನನ್ನ ಮುಖ ನೋಡಿದರು. ನಾನು ಹೂಂ ಎಂದೆ. ಅದಕ್ಕಿಂತ ಬೇರೆ ಏನು ಹೇಳಬಹುದಿತ್ತೋ ನನಗೆ ಇವತ್ತಿಗೂ ಹೊಳೆದಿಲ್ಲ.

ಬೇಸಿಗೆಯಲ್ಲಿ ಉಕ್ಕಿನ ದಾರಿ ಎದ್ದಿತು. ಈಗ ಗಾಡಿ ಸದ್ದಿಲ್ಲದೆ ಹೋಗುತ್ತದೆ, ತಾನಾಗಿ ನಿಲ್ಲುತ್ತದೆ. ಇಳಿದವರಲ್ಲಿ ಕೆಲವರು ಮುಗೀತೇನ್ರಿ ಎಂದು ಕೇಳುತ್ತಾರೆ. ಖಾದರ ಕಾಕಾನಿಗೆ ಮಾವ ಬೇರೆ ಕೆಲಸ ಕೊಟ್ಟರು; ಜನ ಕೂತ ಮೇಲೆ ಸೊಂಟದ ಪಟ್ಟಿ ಬಿಗಿಯಾಗಿದೆಯೋ ಎಂದು ಎಳೆದು ನೋಡುತ್ತಾನೆ, ಎಳೆದದ್ದನ್ನೇ ಮತ್ತೆ ಎಳೆಯುತ್ತಾನೆ. ರಮಜಾನಸಾಬನಿಗೆ ಇಲ್ಲಿ ಕೆಲಸವಿಲ್ಲ. ಕಿತ್ತ ಹಲಗೆಗಳಲ್ಲಿ ಚಲೋ ಇದ್ದವನ್ನು ಆರಿಸಿ, ಹೆಂಡತಿಯ ಅಂಗಡಿಗೆ ಜನ ಕೂಡಲು ಒಂದು ಬಾಕು ಮಾಡಿ ಕೊಟ್ಟು ಮನೆ ಸೇರಿದ್ದಾನೆ.

ಅವರು ಮಾತಾಡುತ್ತಾರೆಯೇ ಎಂದು ಬೀಬಿಜಾನಳನ್ನು ಒಮ್ಮೆ ಕೇಳಿದೆ. ಆವತ್ತು ಮೇಲೆ ಏನಾಯಿತು ಎಂದು ಅವಳೇ ತಿರುಗಿ ನನ್ನನ್ನು ಕೇಳಿದಳು. ಗಂಡ ಮನೆಯಲ್ಲಿ ಏನೂ ಹೇಳಿರಲಿಲ್ಲ.

ಮೊನ್ನೆ ಬೆಳಿಗ್ಗೆ ಚಹಾಕ್ಕೆ ಹೋದಾಗ ಆ ಬಾಕಿನ ತುದಿಗೆ ಒಂದು ಬೊಟ್ಟು ಸುಣ್ಣವಿತ್ತು. ಹಸಿಯಾಗಿತ್ತು. ನಾನು ಅದರ ಮೇಲೆ ಕೂತೆ, ಎದ್ದೆ, ಮತ್ತೆ ಕೂತು ಆ ಕಡೆ ಈ ಕಡೆ ವಾಲಿ ನೋಡಿದೆ. ಬಾಕು ಅಲುಗಿತೋ, ನಾನೇ ಅಲುಗಿದೆನೋ. ಬೀಬಿಜಾನ ಮಿರ್ಚಿ ಎತ್ತುವ ಜಾರಾ ಹಿಡಿದು, ಇವನಿಗೇನಾಯಿತು ಎಂಬಂತೆ ನೋಡುತ್ತಿದ್ದಳು.

ಸಂಜೆ ಬೀಗ ಹಾಕಿ ಹೊರಬರುವಾಗ ಮತ್ತೆ ನೋಡಿದೆ. ಸುಣ್ಣ ಇರಲಿಲ್ಲ. ಅಲ್ಲಿ ಸೀಮೆಎಣ್ಣೆಯ ವಾಸನೆ ಇತ್ತು.