ಇನ್ನೊಂದ್ಸಲ ಅಳು

"ಅಂಗಿ ಬಿಚ್ಚೇ, ಮುದಿಗೊಡ್ಡು! ಹೂವಿನ ಅಂಗಿ ತೊಟ್ಕಂಡ ಕಾಡುಜನರನ್ನ ನೋಡಾಕೆ ಸಮುದ್ರ ದಾಟಿ ಬಂದವ್ರಾ ಅವ್ರು?"

ರಾಜಧಾನಿ ಪೋರ್ಟ್ ವಿಲಾದಿಂದ ಬಂದ ಪ್ರವಾಸದ ಏಜೆಂಟ್ ಕಲ್ಮೆಟ್ ಗುಡಿಸಲ ಬಾಗಿಲಲ್ಲಿ ನಿಂತು ಅರಚುತ್ತಿದ್ದ. ಲೇಸಿಂಗ್ ತಲೆಯೆತ್ತಲಿಲ್ಲ. ಮಗನನ್ನು ಮಣ್ಣು ಮಾಡಿದ್ದು ನಿನ್ನೆ. ಜ್ವರದಲ್ಲಿ ಕುದಿಯುತ್ತಿದ್ದವನನ್ನು ಆಸ್ಪತ್ರೆಗೆ ಒಯ್ಯಲು ಇವನ ಟ್ರಕ್ ಕೇಳಿದರೆ, 'ಅತಿಥಿಗಳಿಗೆ ತೊಳೆದಿಟ್ಟೀನಿ, ಸೀಟು ನಾರ್ತದೆ' ಅಂದಿದ್ದ.

ಆಂಬ್ರಿಮ್ ದ್ವೀಪದಲ್ಲಿ ಸಾವಿನ ಸೂತಕ ಕಳೆಯುವ ತನಕ ಮರದ ನಗಾರಿ ಬಾರಿಸುವುದಿಲ್ಲ, ಯಾರೂ ಕುಣಿಯುವುದಿಲ್ಲ. ಅಷ್ಟು ಹೇಳಲು ಊರ ಯಜಮಾನ ತೈನ್‌ಮಾಲ್ ಬಾಯಿ ತೆರೆದ.

"ಸುಮ್ಕಿರು ಯಜಮಾನ. ಮುಂದಿನ ಪ್ರವಾಸಿ ಹಡಗನ್ನ ಬೇರೆ ಊರಿಗೆ ತಿರುಗಿಸ್ತೀನಿ ನೋಡು."

ಯಜಮಾನ ಹಂದಿಕೋರೆಯ ಸರ ಸರಿಮಾಡಿಕೊಂಡ. ಅಂಗಳದಲ್ಲಿ ನಗಾರಿಯವರೂ ಕುಣಿಯುವವರೂ ಆಗಲೇ ಅಣಿಯಾಗಿದ್ದರು.

ಅಷ್ಟರಲ್ಲಿ ಅತಿಥಿಗಳು ಬಂದರು. ಬಿಸಿಲಿಗೆ ಸುಟ್ಟು ಕೆಂಪಾದ ಹೆಂಗಸೊಬ್ಬಳು ಲೇಸಿಂಗಳ ಬೂದಿ ಬಳಿದ ಮುಖ ಕಂಡು ಏನೋ ಕೇಳಿದಳು. ಕಲ್ಮೆಟ್‌ನ ದನಿ ಬೆಣ್ಣೆಯಾಯಿತು.

"ನಿಜವಾದ ಸಾವೇ ಮೇಡಂ. ಅಪ್ಪಟ ಸಂಪ್ರದಾಯ. ಒಳಗೆ ಬನ್ನಿ."

ಮಗ ಮಲಗಿದ್ದ ಚಾಪೆಯ ಮೇಲೆ ಬೂಟುಗಳು ನಿಂತವು. ಲೇಸಿಂಗಳ ಹೊಟ್ಟೆಯೊಳಗಿಂದ ಕೂಗೊಂದು ಕಿತ್ತುಬಂತು. ಹೆಂಗಸು ಕ್ಯಾಮೆರಾ ನೋಡಿಕೊಂಡು ಕಲ್ಮೆಟ್‌ನ ಕಿವಿಯಲ್ಲಿ ಪಿಸುಗುಟ್ಟಿದಳು.

"ಏಯ್, ಇನ್ನೊಂದ್ಸಲ ಅಳು. ಇಲ್ಲಿ ಕತ್ತಲಂತೆ, ಬೆಳಕಿಗೆ ಬಾ," ಕಲ್ಮೆಟ್ ಲೇಸಿಂಗಳನ್ನು ಗದರಿದ.

ಲೇಸಿಂಗ್ ಎದ್ದಳು. ಬೆಳಕಿಗೇ ಬಂದಳು. ಯಜಮಾನನ ಅಂಗಳದ, ತಾಳೆಯಂಥ ನಮೆಲೆ ಗಿಡದಿಂದ ಎರಡು ಗರಿ ಮುರಿದು, ಟ್ರಕ್ಕಿನ ಮುಂದೆ, ಸಮುದ್ರಕ್ಕಿಳಿಯುವ ಒಂದೇ ದಾರಿಗೆ ಅಡ್ಡ ನೆಟ್ಟಳು. ಆ ಗರಿ ನೆಟ್ಟ ದಾರಿಯನ್ನು ಯಾರೂ ದಾಟುವಂತಿಲ್ಲ. ನೆಡುವುದು ಯಜಮಾನರ ಹಕ್ಕು. ಹೆಂಗಸರು ಮುಟ್ಟುವಂತೆಯೂ ಇಲ್ಲ.

"ಲೇ ಲೇಸಿಂಗ್! ಗಂಡಸ್ರು ನೆಡೋ ಗರಿ ಕಣೇ ಅದು!" ಯಜಮಾನ ಕಿರುಚಿದ.

"ಗಂಡಸ್ರು ತಲೆಗೆ ಪುಕ್ಕ ಸಿಗಿಸ್ಕಂಡು ಕುಣಿಯಾಕೆ ನಿಂತವ್ರೆ. ಅದ್ಕೇ ನಾ ನೆಟ್ಟೆ."

ಅತಿಥಿಗಳು ಗರಿಯ ಫೋಟೋ ತೆಗೆದುಕೊಂಡರು.

"ಕೀಳ್ರೋ ಅದನ್ನ, ಬಡ್ಡೀಮಕ್ಕಳಾ!" ಕಲ್ಮೆಟ್ ಕೂಗಿದ.

ನಗಾರಿಯವರು ಕೋಲು ಕೆಳಗಿಟ್ಟರು. ಡ್ರೈವರ್ ಟ್ರಕ್ಕಿನ ಕೀಲಿ ಪೊದೆಗೆ ಎಸೆದ. ಕುಣಿಯುವವರು ಒಬ್ಬೊಬ್ಬರಾಗಿ ತಲೆಯ ಪುಕ್ಕ ಕಿತ್ತು ಲೇಸಿಂಗಳ ಪಕ್ಕ ಬಂದು ಕೂತರು.

"ಹಡಗು ಹೊರಟೋಯ್ತದೆ ಕಣ್ರೋ!"

"ಹೋಗ್ಲಿ ಬಿಡು," ಲೇಸಿಂಗ್ ಕಲ್ಮೆಟ್‌ನ ಬೂಟಿನ ಬುಡಕ್ಕೆ ಉಗಿದಳು. "ಸಂಪ್ರದಾಯ ನೋಡಾಕೆ ಬಂದವ್ರಲ್ವಾ? ಕುಂತು ನೋಡ್ಲಿ."

ಕೆಳಗೆ ಕೊಲ್ಲಿಯಲ್ಲಿ ಹಡಗು ಕೂಗಿತು. ಆ ಕೆಂಪು ಹೆಂಗಸು ಮೊದಲ ಸಲ ಕ್ಯಾಮೆರಾ ಕೆಳಗಿಳಿಸಿದಳು.