ದೆವ್ವದ ಪಥ್ಯ

"'ಅಡಿಗೆಮನೆಯ ದೀಪ ಆರಿತು. ಫ್ರಿಜ್ಜಿನ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಹೋದ ವರ್ಷ ತೀರಿಕೊಂಡ ಅಜ್ಜನ ದನಿ ಒಳಗಿನಿಂದ ಕೇಳಿಸಿತು: ಉಪ್ಪಿನಕಾಯಿ ಭರಣಿ ಎಲ್ಲಿ ಬಚ್ಚಿಟ್ಟಿದ್ದೀರಿ?'"

ಇಷ್ಟು ಓದಿ ಕೃಪಾ ಗಕ್ಕನೆ ನಿಲ್ಲಿಸಿದಳು. ಎದುರಿಗೆ ಅತ್ತೆ ಗೋದಾಬಾಯಿ ಕಪ್ಪು ಕನ್ನಡಕ ಹಾಕಿಕೊಂಡು ದಿವಾನದ ಮೇಲೆ ಕೂತಿದ್ದರು. ಕಣ್ಣಿನ ಪೊರೆ ತೆಗೆಸಿ ಇನ್ನೂ ವಾರವಾಗಿರಲಿಲ್ಲ. ಹೊತ್ತು ಹೋಗಲೆಂದು ಮಗ ಉಪೇಂದ್ರ ಕೋಠಿಯ ಹಳೆ ಪುಸ್ತಕದಂಗಡಿಯಲ್ಲಿ ತೆಲುಗು ಪುಸ್ತಕಗಳ ರಾಶಿಯಿಂದ ಎಳೆದು ತಂದ ಹಳೆಯ ಕನ್ನಡ ಕಾದಂಬರಿ ಅದು. ಮುಖಪುಟದ ತುಂಬ ದೆವ್ವ, ಒಳಗೆಲ್ಲ ಸಂಸಾರದ ಜಗಳ. ದಿನಾ ಮಧ್ಯಾಹ್ನ ಓದುತ್ತ ಕೃಪಾ ಒಬ್ಬಳೇ ನಗುತ್ತಿದ್ದಳು. ಅದರಲ್ಲಿ ಪಾತ್ರೆ ಉರುಳಿಸುತ್ತಿದ್ದ ದೆವ್ವ ತೀರಿಕೊಂಡ ಅಜ್ಜನೆಂದು ಇವತ್ತಷ್ಟೇ ಗೊತ್ತಾಗಿತ್ತು.

ಅವಳಿಗೆ ಗಂಡನ ಮೇಲೆ ಸಿಟ್ಟು ಬಂತು. ನೋಡಿ ತರಬಾರದೆ ಮಹಾರಾಯ! ಆರು ತಿಂಗಳ ಹಿಂದೆ ಮಾವ ಸೂರ್ಯಕಾಂತ ತೀರಿಹೋದ ದಿನ, ಮಿಯಾಪುರ ಮೆಟ್ರೋ ಕೆಳಗಿನ ಬಂಡಿಯಿಂದ ಒಂದೇ ಒಂದು ಮಿರ್ಚಿ ಭಜಿ ತರಿಸಿಕೊಡೆಂದು ಹೆಂಡತಿಯನ್ನು ಗೋಗರೆದಿದ್ದರು. ಬಿ.ಪಿ. ಇದ್ದವರಿಗೆ ಗೋದಾಬಾಯಿ ಕೊಡಿಸಿರಲಿಲ್ಲ. ಅಂದಿನಿಂದ ಅತ್ತೆಯ ತಟ್ಟೆಗೆ ಉಪ್ಪು ಬಿದ್ದಿಲ್ಲ. ಸಪ್ಪೆ ಅನ್ನ ಎರಡು ತುತ್ತು ತಿಂದು ಕೈ ತೊಳೆದುಬಿಡುತ್ತಾರೆ. ಕುಪ್ಪಸ ಹೆಗಲಿಂದ ಜಾರುವಷ್ಟು ಸೊರಗಿದ್ದಾರೆ. ಹೀಗೇ ಆದರೆ ಇವರೂ ಕೈಬಿಟ್ಟು ಹೋಗುತ್ತಾರೆಂಬ ಭಯದ ಮುಂದೆ ಪುಸ್ತಕದ ದೆವ್ವ ಕೃಪಾಳಿಗೆ ಯಾವ ಲೆಕ್ಕ.

ಅವಳು ಮೆಲ್ಲಗೆ ನಾಲ್ಕು ಹಾಳೆ ಮಗುಚಿದಳು.

"ಹಾಳಿ ದಾಟಿಸಬ್ಯಾಡ. ಕಣ್ಣು ಕಟ್ಟ್ಯಾರ, ಕಿವಿ ಛಲೋ ಅದಾವ."

"ಇಲ್ಲ ಅತ್ತೆ, ಅಂಟ್ಕೊಂಡಿತ್ತು."

"ಬಿಡಿಸಿ ಓದು."

ಕೃಪಾ ಹಾಳೆಗಳನ್ನು ಹಿಂದಕ್ಕೆ ಮಗುಚಿ ಓದಿದಳು. "'ಅಜ್ಜಿ ಸೌಟು ಎತ್ತಿಕೊಂಡು ಫ್ರಿಜ್ಜಿನೆದುರು ನಿಂತಳು. ಸತ್ತ ಮೇಲಾದರೂ ಬಾಯಿ ಕಟ್ಟಬಾರದೆ ನಿಮಗೆ? ಬಿ.ಪಿ. ಏರಿದರೆ ಈಗ ಯಾವ ಡಾಕ್ಟರ ಹತ್ತಿರ ಕರೆದೊಯ್ಯಲಿ? ದೆವ್ವ ಹೆದರಿ ಬಾಗಿಲು ಎಳೆದುಕೊಂಡಿತು.'"

ಗೋದಾಬಾಯಿಯ ಭುಜ ಕುಲುಕತೊಡಗಿತು.

"ಅಯ್ಯೋ, ಅಳ್ಬಾರ್ದು ಅಂದಿದಾರೆ ಅತ್ತೆ ಡಾಕ್ಟ್ರು."

"ಅಳಾಕತ್ತಿಲ್ಲ ಬಿಡವಾ. ಆ ಮುದುಕಿ ಥೇಟ್ ನನ್ನಂಗ ಅದಾಳ." ನಗು ತಡೆಯಲಾಗದೆ ಅವರು ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಸೆರಗು ಸರಿಮಾಡಿಕೊಂಡು ಕೇಳಿದರು: "ನಾಳಿ ಅಮಾಸಿ ಎಡಿಗೆ ಏನ್ ಮಾಡ್ತಿ?"

ಹಿರಿಯರಿಗೆ ಇಡುವ ಎಡೆಗೂ ಸಪ್ಪೆ ಅಡಿಗೆಯೇ ಸಾಕು ಅಂದವರು ಅವರೇ. "ನೀವು ಹೇಳಿದ್ದೇ, ಅತ್ತೆ."

"ಮಿರ್ಚಿ ಮಾಡು. ಉಪ್ಪು ಹಾಕು. ಪಾಪ, ಹಸ್ದು ಬರ್ತಾರ."

ಮರುದಿನ ಮಾವನ ಫೋಟೋ ಮುಂದೆ ಎಲೆ ಹಾಕಿದರು. ಗೋದಾಬಾಯಿ ತಡವರಿಸುತ್ತ ಒಂದು ಮಿರ್ಚಿ ಇಟ್ಟರು. ಯೋಚಿಸಿ ಇನ್ನೊಂದು ಇಟ್ಟರು. ಆಮೇಲೆ ಕೋಣೆಗೆ ಹೋಗಿ ಗಂಡನ ಬಿ.ಪಿ. ಗುಳಿಗೆ ಹುಡುಕಿ ತಂದು, ಒಂದನ್ನು ಬಿಡಿಸಿ ನೀರಿನ ಲೋಟದ ಪಕ್ಕ ಇಟ್ಟರು. ಉಪೇಂದ್ರ ಹೆಂಡತಿಯ ಮುಖ ನೋಡಿದ. ಕೃಪಾ ನಗಲಿಲ್ಲ.

"ನನಗೂ ಒಂದು ಹಾಕು" ಎಂದು ಗೋದಾಬಾಯಿ ತಟ್ಟೆಯ ಮುಂದೆ ಕೂತರು. ಅರ್ಧ ಕಚ್ಚಿ, ನಿಧಾನಕ್ಕೆ ಅಗಿದು ನುಂಗಿದರು.

"ಭಾಳ ಖಾರ ಐತಿ" ಎನ್ನುತ್ತ ಕೈ ಚಾಚಿ, ನೀರಿನ ಲೋಟವನ್ನು ಫೋಟೋದ ಹತ್ತಿರಕ್ಕೆ ಸರಿಸಿದರು.