ತುಂಬುತೋಳಿನ ಅಂಗಿ

“ದೇಹದಲ್ಲಿ ಗುರುತು ಎರಡು ಬೇಕು. ಮಚ್ಚೆ, ಗಾಯದ ಕಲೆ, ಎಂತಾದರೂ ಸಾಕು,” ಎಂದು ಪೊಲೀಸ್ ಪುರಂದರ ಪೆನ್ನಿನ ತುದಿಯನ್ನು ಫಾರ್ಮಿನ ಮೇಲೆ ನಿಲ್ಲಿಸಿದ.

ಜಿತೇನ್ ಕುತ್ತಿಗೆಯ ಮಚ್ಚೆ ತೋರಿಸಿದ. ಒಂದಾಯಿತು.

ಪಕ್ಕದಲ್ಲಿದ್ದ ಸುಕುಮಾರ ಬೆಂಚಿನ ತುದಿಗೆ ಸರಿದ. ಹೊರರಾಜ್ಯದ ಕೆಲಸದವರನ್ನು ಇಟ್ಟುಕೊಂಡವರು ಏಳು ದಿನದೊಳಗೆ ಠಾಣೆಯಲ್ಲಿ ಅವರ ಹೆಸರು ಬರೆಸಬೇಕು, ಇಲ್ಲದಿದ್ದರೆ ಲೈಸೆನ್ಸಿಗೆ ಕುತ್ತು ಎಂಬ ನೋಟೀಸು ಮುಳ್ಳೇರಿಯದ ಅಂಗಡಿಗಳಿಗೆಲ್ಲ ಬಂದಿತ್ತು. ಬಂಗಾಳದ ಕೂಚ್‌ಬಿಹಾರದ ಜಿತೇನ್ ಸುಕುಮಾರನ ಬೇಕರಿ ಸೇರಿ ಎರಡು ವರ್ಷ. ಇಂದಿನವರೆಗೆ ಆ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ.

“ಮತ್ತೊಂದು?”

“ಇಲ್ಲ ಸಾರ್.”

“ಇಲ್ಲದೆ ಎಲ್ಲಿಗೆ ಹೋಗ್ತದೆ ಮಾರಾಯ? ಈ ಸೆಕೆಯಲ್ಲಿ ಮದುಮಗನ ಹಾಗೆ ಫುಲ್ ಕೈ ಅಂಗಿ ಬೇರೆ! ಸುಕುಮಾರಣ್ಣ, ನಿಮ್ಮ ಬನ್ನಿಗಿಂತ ಇವನೇ ಹೆಚ್ಚು ಬೇಯ್ತಾನಲ್ಲ. ಕೈ ಮೇಲೆ ಮಾಡು, ನೋಡುವ.”

ಅಂಗಿ ಸುಕುಮಾರನದೇ, ಶಾರ್ಜಾದಿಂದ ತಂದದ್ದು. ಕಳೆದ ಕ್ರಿಸ್ಮಸ್ ವಾರ ಬೇಕರಿಯ ಕಟ್ಟಿಗೆ ಒಲೆ ಬೋರ್ಮದಿಂದ ಕಾದ ಟ್ರೇ ಎಳೆಯುವಾಗ ಅದು ಜಾರಿ ಜಿತೇನನ ಮುಂಗೈಗೆ ಅಂಟಿಕೊಂಡಿತ್ತು. “ಆಟೋ ಕರೀರಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ,” ಎಂದು ಸುಕುಮಾರನ ಹೆಂಡತಿ ಪಂಕಜಾಕ್ಷಿ ಎರಡು ಸಲ ಹೇಳಿದಳು. ಆಸ್ಪತ್ರೆಯಲ್ಲಿ ಎಲ್ಲಿ ಕೆಲಸ, ಹೆಸರು ಬರೆಸಿದ್ದೀರಾ ಎಂದು ಕೇಳುತ್ತಾರೆಂಬ ಹೆದರಿಕೆ ಸುಕುಮಾರನಿಗೆ. “ನಾಳೆ ನೋಡುವ,” ಎಂದ. ನಾಳೆಗೆ ಇನ್ನೂರು ಕೇಕಿನ ಆರ್ಡರ್ ಇತ್ತು. ಪಂಕಜಾಕ್ಷಿ ಲೋಳೆಸರ ತಂದು ಹಚ್ಚಿದಳು. ಗಾಯ ಹೇಗೋ ಮಾಯ್ದ ಮೇಲೆ ಸುಕುಮಾರ ಕಪಾಟಿನಿಂದ ಈ ಅಂಗಿ ತೆಗೆದುಕೊಟ್ಟಿದ್ದ. “ಗಿರಾಕಿಗಳಿಗೆ ಅಸಹ್ಯ ಆಗ್ತದೆ. ಇದನ್ನು ಹಾಕು.”

ಜಿತೇನ್ ಗುಂಡಿ ಬಿಚ್ಚಿ ತೋಳು ಮಡಚಿದ. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು.

ಪುರಂದರನ ನಗು ನಿಂತಿತು. “ಇದು ಎಲ್ಲಿ ಆದದ್ದು?”

ಜಿತೇನ್ ಸುಕುಮಾರನ ಕಡೆ ನೋಡಲಿಲ್ಲ. “ಊರಲ್ಲಿ ಸಾರ್. ಸಣ್ಣ ಇರುವಾಗ. ಅಮ್ಮನ ಕೈ ತಪ್ಪಿ ಬಿಸಿ ಗಂಜಿ ಬಿದ್ದದ್ದು.”

ದಿನಾ ಸಂಜೆ ಬೋರ್ಮದ ಹಿಂದೆ ನಿಂತು ಅವನು ಫೋನಿನಲ್ಲಿ ‘ಮಾ, ಮಾ’ ಎನ್ನುತ್ತಿದ್ದುದು ಸುಕುಮಾರನಿಗೆ ನೆನಪಾಯಿತು.

“ಸಣ್ಣ ಇರುವಾಗಿನ ಕಲೆ ಇಷ್ಟು ಕೆಂಪು ಉಂಟಾ?” ಪುರಂದರ ಈಗ ಸುಕುಮಾರನನ್ನೇ ನೋಡುತ್ತಿದ್ದ. “ಎಂತ ಸುಕುಮಾರಣ್ಣ?”

ಫ್ಯಾನು ಕಿರುಗುಟ್ಟುತ್ತಿತ್ತು. ಹೇಳಬೇಕಾದದ್ದು ನಾಲ್ಕೇ ಮಾತು.

“ಆ ಕಡೆಯವರ ಚರ್ಮವೇ ಹಾಗೆ ಕಾಣ್ತದೆ,” ಎಂದ ಸುಕುಮಾರ.

ಪುರಂದರ ಬರೆದು, ಫಾರ್ಮನ್ನು ತಿರುಗಿಸಿ ದೂಡಿದ. “ಎಲ್ಲ ಸರಿ ಅಂತ ನೀವು ಸೈನ್ ಹಾಕಿ. ನಿಮ್ಮದೇ ಜವಾಬ್ದಾರಿ.” ‘ಬಾಲ್ಯದ ಸುಟ್ಟ ಕಲೆ, ಬಲಗೈ’ ಎಂಬುದರ ಕೆಳಗೆ ಸುಕುಮಾರ ತನ್ನ ಹೆಸರು ಬರೆದ.

ಇಬ್ಬರೂ ಬೈಕಿನಲ್ಲಿ ಬೇಕರಿಗೆ ಹೊರಟರು. ಆಮೇಲೆ ಹಿಂದಿನಿಂದ ಜಿತೇನ್ ಕೇಳಿದ, “ಅಣ್ಣ, ಸಂಜೆಗೆ ಬನ್ನು ಎಷ್ಟು?”

ಸುಕುಮಾರ ಗೇರು ಬದಲಿಸಿದ.

ಮುಳ್ಳೇರಿಯ ಪೇಟೆಯ ತಿರುವು ಬಂದಾಗ ಕನ್ನಡಿಯಲ್ಲಿ ಕಂಡಿತು: ಯಾರೂ ಹೇಳದೆಯೇ ಜಿತೇನ್ ಮಡಚಿದ ತೋಳನ್ನು ಕೆಳಗಿಳಿಸಿ, ಗಾಳಿಗೆ ಹಾರದಂತೆ ಹಿಡಿದು, ಒಂದೇ ಕೈಯಲ್ಲಿ ಗುಂಡಿ ಹಾಕಿಕೊಳ್ಳುತ್ತಿದ್ದ.